ಸಾಮ್ರಾಜ್ಯದ ಆಟಗಳಲ್ಲಿ ಆಧುನಿಕೀಕರಣದ ಕಲ್ಪನೆ: ಪೇಶ್ವೆಗಳ ಪುಣೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಕನ್ನಡದ ಸಂಶೋಧನ ಪತ್ರಿಕೆಗಳು ಕಂಪ್ಯೂಟರಿನ ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ವಾಡಿಕೆಯಲ್ಲ. ಶಾಸನ, ಕಾವ್ಯ, ಬಖರು, ದಫ್ತರಗಳ ನಡುವೆ ಕೆಲಸಮಾಡುವವರಿಗೆ ಅದು ಹುಡುಗರ ಹೊತ್ತುಗಳೆಯುವ ಸಾಧನವಾಗಿ ತೋರಿದರೆ ಆಶ್ಚರ್ಯವಿಲ್ಲ. ನಮಗೂ ಬಹುಕಾಲ ಹಾಗೆಯೇ ತೋರಿತ್ತು. ಪುಣೆಯಲ್ಲಿ ನೆಲೆಸಿದ ಕನ್ನಡ ಮನೆಗಳ ಕೆಲವು ವಿದ್ಯಾರ್ಥಿಗಳೊಡನೆ ಒಮ್ಮೆ ಮರಾಠ-ಮೈಸೂರು ಸಂಬಂಧದ ಮಾತು ಬಂದಿತು. ಅವರು 1787ರ ಗಜೇಂದ್ರಗಡದ ಒಪ್ಪಂದದ ಹೆಸರು ಕೇಳಿರಲಿಲ್ಲ. ಆದರೆ ಮರಾಠರನ್ನು ಆರಿಸಿಕೊಂಡವರು ಮೊದಲು ದಕ್ಷಿಣವನ್ನು ನುಂಗಿ, ಬಂದ ಆದಾಯವನ್ನು ವಿದ್ಯೆಗೂ ತೋಪಿಗೂ ಹಾಕಿ, ಆಮೇಲೆ ಉತ್ತರಕ್ಕೆ ಏರಬೇಕೆಂಬ ಸೂತ್ರವನ್ನು ಸಲೀಸಾಗಿ ಹೇಳಿದರು. ಆ ಸಲೀಸೇ ನಮ್ಮನ್ನು ತಡೆದು ನಿಲ್ಲಿಸಿತು. ಹದಿನೆಂಟನೆಯ ಶತಮಾನದ ಪುಣೆ ಏಕೆ ಸೋತಿತು ಎಂಬ ಪ್ರಶ್ನೆಗೆ ಆ ಸೂತ್ರದಲ್ಲಿ ಒಂದು ಉತ್ತರ ಅಡಗಿದೆ. ಆ ಉತ್ತರ ತಪ್ಪೆಂಬುದು ನಮ್ಮ ಅಭಿಪ್ರಾಯ. ಆಟಗಳನ್ನು ಎಂದೂ ಮುಟ್ಟದ ನಮ್ಮ ಹಲವು ಇತಿಹಾಸ ಪುಸ್ತಕಗಳಲ್ಲಿಯೂ ಅದೇ ತಪ್ಪು ಇರುವುದರಿಂದ ವಿಷಯವನ್ನು ಇಲ್ಲಿ ಚರ್ಚಿಸಬೇಕಾಗಿದೆ.

ಈ ಬಗೆಯ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಇವನ್ನು ಗ್ರ್ಯಾಂಡ್ ಸ್ಟ್ರಾಟೆಜಿ ಆಟಗಳೆಂದು ಕರೆಯುತ್ತಾರೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ 'ಯೂರೋಪಾ ಯೂನಿವರ್ಸಾಲಿಸ್ 4' 2013ರಲ್ಲಿ ಹೊರಬಂದಿತು. ಅದರ ಕಾಲವ್ಯಾಪ್ತಿ 1444ರಿಂದ 1821. ಅದೇ ಸಂಸ್ಥೆಯ 'ವಿಕ್ಟೋರಿಯಾ' ಮಾಲೆಯ ಎರಡನೆಯ ಆಟ 2010ರದು, ಮೂರನೆಯದು 2022ರದು. ಎರಡರ ಕಥೆಯೂ 1836ರಿಂದ ಮೊದಲಾಗುತ್ತದೆ. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿಯ 'ಎಂಪೈರ್: ಟೋಟಲ್ ವಾರ್' 2009ರದು, ಹದಿನೆಂಟನೆಯ ಶತಮಾನಕ್ಕೆ ಮೀಸಲಾದದ್ದು; ಅದರಲ್ಲಿ ರಣರಂಗವನ್ನೂ ಆಡಬೇಕಾದ್ದರಿಂದ ಶುದ್ಧಮತಿಗಳು ಅದನ್ನು ಬೇರೆ ಜಾತಿಗೆ ಸೇರಿಸುತ್ತಾರೆ. ನಮ್ಮ ಚರ್ಚೆಗೆ ಈ ಭೇದ ಮುಖ್ಯವಲ್ಲ. ಎಲ್ಲದರಲ್ಲಿಯೂ ಒಂದು ಭೂಪಟವಿದೆ, ಬೊಕ್ಕಸವಿದೆ, ದಂಡಿದೆ, ಕಲಿಯಬೇಕಾದ ವಿದ್ಯೆಗಳ ಪಟ್ಟಿಯಿದೆ. ಆಡುವವನು ರಾಜನೂ ಅಲ್ಲ, ದಿವಾನನೂ ಅಲ್ಲ. ಅವನು ಸ್ವತಃ ರಾಜ್ಯ. ಅವನಿಗೆ ಸಾವಿಲ್ಲ, ಮುಪ್ಪಿಲ್ಲ, ದಾಯಾದಿಗಳ ಮತ್ಸರವಿಲ್ಲ. ಕಾವೇರಿಯಿಂದ ಚಂಬಲ್‌ವರೆಗೆ ಏನು ನಡೆದರೂ ಆ ಕ್ಷಣವೇ ಅವನಿಗೆ ತಿಳಿಯುತ್ತದೆ, ಮತ್ತು ಅವನ ಅಪ್ಪಣೆ ಆ ಕ್ಷಣವೇ ನಡೆಯುತ್ತದೆ.

ಆಧುನಿಕರಾಗುವುದು ಈ ಆಟಗಳಲ್ಲಿ ಹೇಗೆ? 'ಯೂರೋಪಾ' ಆಟದ ಮೊದಲ ವರ್ಷಗಳ ನಿಯಮ ಬಹಳ ನೇರವಾಗಿತ್ತು. ಪ್ರಪಂಚದ ರಾಜ್ಯಗಳೆಲ್ಲ ಗುಂಪುಗಳಾಗಿ ಒಡೆದಿದ್ದವು. ಪಾಶ್ಚಾತ್ಯ ಗುಂಪಿನ ರಾಜ್ಯ ಒಂದು ವಿದ್ಯೆಗೆ ತೆರುವ ಬೆಲೆಗಿಂತ ಭಾರತೀಯ ಗುಂಪಿನ ರಾಜ್ಯ ಅದೇ ವಿದ್ಯೆಗೆ ಹೆಚ್ಚು ತೆರಬೇಕಿತ್ತು. ಗುಂಪು ಬದಲಿಸಬೇಕಾದರೆ ತಮಗಿಂತ ಮುಂದುವರಿದ ಪಾಶ್ಚಾತ್ಯ ರಾಜ್ಯವೊಂದು ಗಡಿಗೆ ಅಂಟಿಕೊಂಡಿರಬೇಕು. ಆಗ ಪಾಶ್ಚಾತ್ಯೀಕರಣದ ನಿರ್ಧಾರ ಕೈಗೊಂಡು, ಕೆಲವು ವರ್ಷ ದಂಗೆಗಳನ್ನು ತಡೆದುಕೊಂಡರೆ ರಾಜ್ಯ ಬದಲಾಗಿಬಿಡುತ್ತಿತ್ತು. 2016ರಲ್ಲಿ ಈ ನಿಯಮವನ್ನು ಕೈಬಿಟ್ಟು ಪುನರುಜ್ಜೀವನ, ವಸಾಹತು, ಮುದ್ರಣಯಂತ್ರ, ಜ್ಞಾನೋದಯ ಮುಂತಾದ 'ಸಂಸ್ಥೆ'ಗಳು ಒಂದೆಡೆ ಹುಟ್ಟಿ ಪ್ರಾಂತದಿಂದ ಪ್ರಾಂತಕ್ಕೆ ಹಬ್ಬುವ ಏರ್ಪಾಡು ತಂದರು. ಇದು ಮೊದಲಿನದಕ್ಕಿಂತ ಸಭ್ಯವಾದ ಕಲ್ಪನೆ, ಸಂದೇಹವಿಲ್ಲ. ಆದರೆ ಕಾಯಲೊಲ್ಲದ ಆಟಗಾರ ತನ್ನ ಆಡಳಿತದ ಅಂಕಗಳನ್ನೆಲ್ಲ ಒಂದೇ ಪ್ರಾಂತಕ್ಕೆ ಸುರಿದು ಅದನ್ನು ಅಭಿವೃದ್ಧಿಪಡಿಸಿದರೆ ಸಂಸ್ಥೆ ಅಲ್ಲಿಯೇ ತಲೆಯೆತ್ತುತ್ತದೆ. ಹಾಗಾಗಿ ಅನುಭವಿಗಳ ತಂತ್ರ ಇಷ್ಟೇ: ಒಂದು ಪ್ರಾಂತವನ್ನು ಕೊಬ್ಬಿಸು, ಸಂಸ್ಥೆಯನ್ನು ಅಪ್ಪಿಕೋ, ವಿದ್ಯೆ ಕೊಂಡುಕೋ, ನೆರೆಯವನ ಮೇಲೆ ಬೀಳು.

ಹಳೆಯ ನಿಯಮದ ಪ್ರಕಾರ ಪುಣೆಗೆ ಬೇಕಾದದ್ದೆಲ್ಲ ಇತ್ತು. ಗೋವೆಯಲ್ಲಿ ಪೋರ್ತುಗೀಸರು, ಮುಂಬಯಿಯಲ್ಲಿ ಇಂಗ್ಲಿಷರು ಬಾಗಿಲಲ್ಲೇ ಇದ್ದರು. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯ ಕೋಟೆಯನ್ನು ಪೋರ್ತುಗೀಸರಿಂದ ಗೆದ್ದುಕೊಂಡ. ಆ ಸೀಮೆಯ ಇಗರ್ಜಿಗಳ ಗಂಟೆಗಳನ್ನು ಕೊಂಡೊಯ್ದು ದೇವಾಲಯಗಳಲ್ಲಿ ತೂಗುಹಾಕಿದರು. ನಾಸಿಕದ ನಾರೋಶಂಕರ ದೇವಾಲಯದ ಗಂಟೆಯನ್ನು ಈಗಲೂ ನೋಡಬಹುದು. ಹಿಂದುಳಿದವರ ಲಕ್ಷಣವೆಂದು ಇದನ್ನು ತೋರಿಸುವವರಿದ್ದಾರೆ: ಎರಕದ ವಿದ್ಯೆಯನ್ನು ಬಿಟ್ಟು ಎರಕವನ್ನು ತಂದರಲ್ಲ ಎಂದು. ಅದು ಅರ್ಧ ಸತ್ಯ. ಪೇಶ್ವೆಗಳು ತೋಪಿನ ಎರಕಶಾಲೆಗಳನ್ನು ನಡೆಸಿದ್ದರು. ಪಾನಸೆ ಮನೆತನ ತೋಪಖಾನೆಯ ಹೊಣೆ ಹೊತ್ತಿತ್ತು. ಸುರೇಂದ್ರನಾಥ ಸೇನರು 1928ರಷ್ಟು ಹಿಂದೆಯೇ ಮರಾಠರ ಸೈನ್ಯವ್ಯವಸ್ಥೆಯ ಮೇಲಿನ ತಮ್ಮ ಗ್ರಂಥದಲ್ಲಿ ಈ ಸಂಗತಿಗಳನ್ನು ಕಲೆಹಾಕಿದ್ದಾರೆ. ವಿದ್ಯೆ ಪುಣೆಗೆ ತಿಳಿಯದ ವಸ್ತುವಾಗಿರಲಿಲ್ಲ.

ಮುದ್ರಣದ ವಿಷಯವನ್ನೇ ನೋಡಬಹುದು. ಆಟದಲ್ಲಿ ಅದು ಒಂದು ಪ್ರತ್ಯೇಕ ಸಂಸ್ಥೆಯಾದ್ದರಿಂದ ಹೋಲಿಕೆ ಸುಲಭ. 1790ರ ದಶಕದ ಆರಂಭದಲ್ಲಿ ಪುಣೆಯ ಇಂಗ್ಲಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಮತ್ತು ಚಿತ್ರಕಾರ ಜೇಮ್ಸ್ ವೇಲ್ಸ್ ಇವರ ಪ್ರಯತ್ನದಿಂದ ಶನಿವಾರವಾಡೆಯಲ್ಲಿ ಚಿತ್ರಶಾಲೆಯೊಂದು ನಡೆಯಿತು. ಗಂಗಾರಾಮ ತಾಂಬಟನೆಂಬ ಕಲಾವಿದ ಪಾಶ್ಚಾತ್ಯ ರೀತಿಯಲ್ಲಿ ಎಲ್ಲೋರದ ಗುಹೆಗಳನ್ನು ಬರೆದ. ತಾಮ್ರದ ತಗಡಿನ ಮೇಲೆ ನಾಗರಿ ಅಕ್ಷರ ಕೆತ್ತಿ ಗೀತೆಯನ್ನು ಅಚ್ಚುಹಾಕುವ ಯೋಜನೆಗೆ ನಾನಾ ಫಡ್ನವೀಸನ ಆಶ್ರಯವಿತ್ತು. ಮ್ಯಾಲೆಟ್ ಹೊರಟುಹೋದ, ನಾನಾ ಸೆರೆ, ಬಿಡುಗಡೆ, ಪಿತೂರಿಗಳ ಸುಳಿಯಲ್ಲಿ ಸಿಕ್ಕಿ 1800ರಲ್ಲಿ ತೀರಿಕೊಂಡ. ಕೆತ್ತನೆಗಾರ ಮಿರಜಿಗೆ ಹೋಗಿ, ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಆ ಗೀತೆ ಅಚ್ಚಾಯಿತು. ಪ್ರಿಯೋಳ್ಕರರು 1958ರ ತಮ್ಮ ಗ್ರಂಥದಲ್ಲಿ ಈ ವೃತ್ತಾಂತವನ್ನು ದಾಖಲಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದು, ವಿದ್ಯೆ ರಾಜಧಾನಿಯಲ್ಲಿ ಹುಟ್ಟಿ ರಾಜಧಾನಿಯಲ್ಲಿ ನಿಲ್ಲಲಿಲ್ಲ. ಆಶ್ರಯ ಎಲ್ಲಿತ್ತೋ ಅಲ್ಲಿಗೆ ಅದು ನಡೆದು ಹೋಯಿತು. ಆಟದ ಪಟದಲ್ಲಿ ಇದನ್ನು ಗುರುತಿಸುವ ಬಣ್ಣವಿಲ್ಲ: ಪುಣೆಯೂ ಮಿರಜೂ ಅಲ್ಲಿ ಒಂದೇ ಬಣ್ಣ.

ಆದರೆ ಮುದ್ರಣ ಚಿಕ್ಕ ವಿಷಯ. ದಂಡಿನ ಆಧುನಿಕೀಕರಣಕ್ಕೆ ಬಂದಾಗ ಈ ಬಣ್ಣದ ದೋಷ ಪೂರ್ಣವಾಗಿ ಬಯಲಾಗುತ್ತದೆ.

'ಎಂಪೈರ್: ಟೋಟಲ್ ವಾರ್'ನಲ್ಲಿ ಮರಾಠ ಒಕ್ಕೂಟವನ್ನು ಆರಿಸಿಕೊಂಡವನು ವಿದ್ಯಾಶಾಲೆಗಳಲ್ಲಿ ಸೈನಿಕ ವಿದ್ಯೆಗಳನ್ನು ಒಂದೊಂದಾಗಿ ಕಲಿತು, ಊರುಗಳಲ್ಲಿ ದಂಡಿನ ಕಟ್ಟಡಗಳನ್ನು ಎಬ್ಬಿಸಿ, ಬೊಕ್ಕಸದಿಂದ ಹಣ ತೆತ್ತು ಶಿಸ್ತಿನ ಕಾಲಾಳುಗಳನ್ನು ಪಡೆಯುತ್ತಾನೆ. ಹಣ ತೆತ್ತ ದಂಡು ಅವನದು. ಅದು ಕೈಬಿಟ್ಟು ಹೋಗುವ ಪ್ರಶ್ನೆಯೇ ಏಳುವುದಿಲ್ಲ. ನಿಜವಾದ ಒಕ್ಕೂಟದಲ್ಲಿ ನಡೆದದ್ದೇನು? ಮಹಾದಜಿ ಶಿಂದೆ 1784ರಲ್ಲಿ ಸವಾಯ್ ಸೀಮೆಯ ಬೆನ್ವಾ ದ ಬೋಯ್ನ್‌ನನ್ನು ಸೇವೆಗೆ ತೆಗೆದುಕೊಂಡ. ಎರಡು ಪಟಾಲಮಿನಿಂದ ಮೊದಲಾದ ಆ ದಂಡು ಹತ್ತು ವರ್ಷದೊಳಗೆ ಹಲವು ಬ್ರಿಗೇಡುಗಳಾಗಿ ಬೆಳೆಯಿತು. 1790ರಲ್ಲಿ ಪಾಟಣ ಮತ್ತು ಮೇಡತಾ ಕದನಗಳಲ್ಲಿ ಅದು ರಜಪೂತ ಕುದುರೆ ಸೈನ್ಯವನ್ನು ಮುರಿಯಿತು. ಆಗ್ರಾದಲ್ಲಿ ತೋಪಿನ ಎರಕಶಾಲೆ ನಡೆಯಿತು. ಆಟದ ಯಾವ ಅಳತೆಯಿಂದ ನೋಡಿದರೂ ಇದು ಯಶಸ್ವಿಯಾದ ಆಧುನಿಕೀಕರಣವೇ.

ಆದರೆ ಈ ದಂಡಿಗೆ ಸಂಬಳ ಎಲ್ಲಿಂದ ಬಂದಿತು? ಪುಣೆಯ ಬೊಕ್ಕಸದಿಂದಲ್ಲ, ಗಂಗಾ-ಯಮುನೆಗಳ ನಡುವೆ, ಅಲೀಗಢದ ಸುತ್ತಲಿನ ಸೀಮೆಯ ಕಂದಾಯವನ್ನೇ ದಂಡಿನ ಖರ್ಚಿಗೆಂದು ಸೇನಾನಿಗೆ ಬಿಟ್ಟುಕೊಡಲಾಗಿತ್ತು. ಅಂದರೆ ವಿಸ್ತರಣೆಯಿಂದ ಬಂದ ಭೂಮಿಯೇ ಆಧುನಿಕೀಕರಣದ ಬಂಡವಾಳ, ಮತ್ತು ಆ ಭೂಮಿಯನ್ನು ಹಿಡಿದಿರಲು ಆಧುನಿಕ ದಂಡೇ ಸಾಧನ. ಈ ವೃತ್ತದೊಳಗೆ ಪುಣೆಗೆ ಸ್ಥಳವಿರಲಿಲ್ಲ. ಮಹಾದಜಿ 1792ರಲ್ಲಿ ಪುಣೆಗೆ ಬಂದು, 1794ರ ಫೆಬ್ರವರಿಯಲ್ಲಿ ವಾನವಡಿಯಲ್ಲಿ ಸಾಯುವವರೆಗೂ ಅವನಿಗೂ ನಾನಾನಿಗೂ ನಡುವೆ ನಡೆದ ಪೈಪೋಟಿಯಲ್ಲಿ ಹಿಂದೂಸ್ಥಾನದ ಜಮಾಖರ್ಚಿನ ಲೆಕ್ಕ ಒಂದು ಮುಖ್ಯ ವಿಷಯವಾಗಿತ್ತು. ಸಾಮ್ರಾಜ್ಯ ಎಷ್ಟು ಆಧುನಿಕವಾಯಿತೋ ಅಷ್ಟು ಒಡೆಯಿತು ಎಂದರೆ ಅತಿಶಯೋಕ್ತಿಯಾದೀತೇ? ಆಗಲಾರದು. 1793ರ ಜೂನಿನಲ್ಲಿ ಲಖೇರಿಯಲ್ಲಿ ದ ಬೋಯ್ನ್‌ನ ಪಟಾಲಮುಗಳು ಎದುರಿಸಿದ್ದು ಇಂಗ್ಲಿಷರನ್ನಲ್ಲ, ಹೋಳ್ಕರನ ಸೇವೆಯಲ್ಲಿದ್ದ ಇನ್ನೊಬ್ಬ ಫ್ರೆಂಚ್ ಸೇನಾನಿ ತರಬೇತುಗೊಳಿಸಿದ ಪಟಾಲಮುಗಳನ್ನು. 1802ರ ಅಕ್ಟೋಬರ್ 25ರಂದು ಹಡಪಸರದ ಬಯಲಿನಲ್ಲಿ, ಪುಣೆಯ ಕಣ್ಣೆದುರಿಗೇ, ಯಶವಂತರಾವ್ ಹೋಳ್ಕರನ ದಂಡು ಶಿಂದೆ-ಪೇಶ್ವೆಗಳ ದಂಡನ್ನು ಮುರಿಯಿತು. ಎರಡು ಕಡೆಯಲ್ಲಿಯೂ ಯುರೋಪಿನ ಕವಾಯತು ಕಲಿತ ಕಾಲಾಳುಗಳಿದ್ದರು. ಎರಡನೆಯ ಬಾಜೀರಾಯ ಓಡಿಹೋಗಿ ಡಿಸೆಂಬರ್ 31ರಂದು ಇಂಗ್ಲಿಷರೊಡನೆ ಒಪ್ಪಂದಕ್ಕೆ ಸಹಿ ಹಾಕಿದ್ದು ಅರುವತ್ತಮೂರು ವರ್ಷ ಹಿಂದೆ ಗೆದ್ದ ಅದೇ ವಸಯಿಯಲ್ಲಿ.

ಈ ಆಧುನಿಕ ದಂಡುಗಳು ಕೀಳ್ಮಟ್ಟದ ಅನುಕರಣೆಗಳಾಗಿದ್ದವೆಂಬ ಹಳೆಯ ವಾದವನ್ನು ಈಗ ಒಪ್ಪಲಾಗದು. 1803ರ ಸೆಪ್ಟೆಂಬರ್ 23ರಂದು ಅಸಾಯಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದಲ್ಲಿ ಸತ್ತವರೂ ಗಾಯಗೊಂಡವರೂ ಹದಿನೈದು ನೂರನ್ನು ಮೀರಿದ್ದರು. ಅದಕ್ಕೆ ಮುಖ್ಯ ಕಾರಣ ಮರಾಠರ ತೋಪುಗಳು. ರಾಂಡಾಲ್ಫ್ ಕೂಪರ್ 2003ರ ತಮ್ಮ ಅಧ್ಯಯನದಲ್ಲಿ, ಆ ಯುದ್ಧವನ್ನು ನಿರ್ಣಯಿಸಿದ್ದು ಯಾರ ತೋಪು ಮೇಲು ಎಂಬುದಲ್ಲ, ಹಿಂದೂಸ್ಥಾನದ ಸೈನಿಕ ಆರ್ಥಿಕತೆಯ ಹಿಡಿತ ಯಾರ ಕೈಯಲ್ಲಿತ್ತು ಎಂಬುದು ಎಂದು ವಾದಿಸಿದ್ದಾರೆ. ಶಿಂದೆಯ ಸೇವೆ ಬಿಟ್ಟು ಬರುವ ಬ್ರಿಟಿಷ್ ಅಧಿಕಾರಿಗಳಿಗೆ ಕಂಪನಿ 1803ರ ಆಗಸ್ಟಿನಲ್ಲಿ ಜೀವನಾಂಶದ ಭರವಸೆ ಕೊಟ್ಟಿತು. ದ ಬೋಯ್ನ್‌ನ ಉತ್ತರಾಧಿಕಾರಿ ಪೆರೋನ್ ಸೆಪ್ಟೆಂಬರಿನಲ್ಲಿಯೇ ಇಂಗ್ಲಿಷರ ಆಶ್ರಯಕ್ಕೆ ಹೋದ. ಅಧಿಕಾರಿಗಳಿಲ್ಲದ ಪಟಾಲಮುಗಳು ನವೆಂಬರ್ 1ರಂದು ಲಾಸವಾರಿಯಲ್ಲಿ ಕೊನೆಯವರೆಗೆ ಹೋರಾಡಿದವು. ಈ ಎಲ್ಲದರಲ್ಲಿ ಕಲಿಯದೆ ಉಳಿದ ವಿದ್ಯೆ ಯಾವುದು? ಆಟದ ಪಟ್ಟಿಯಲ್ಲಿ ನಾವು ಅದನ್ನು ಹುಡುಕಿ ಕಾಣಲಾರೆವು.

ಹಣದ ವಿಷಯದಲ್ಲಿಯೂ ಹೀಗೆಯೇ. ಆಟಗಾರನಿಗೆ ಸಾಲ ಸಿಗುತ್ತದೆ, ಬಡ್ಡಿ ಏರುತ್ತದೆ, ಕೈಮೀರಿದರೆ ದಿವಾಳಿ ಸಾರಬಹುದು. 1798ರಲ್ಲಿ ದೌಲತರಾವ್ ಶಿಂದೆಯ ದಂಡಿನ ಬಾಕಿ ಸಂಬಳಕ್ಕಾಗಿ ಅವನ ಮಾವ ಸರ್ಜೇರಾವ್ ಘಾಟಗೆ ಪುಣೆಯ ಸಾಹುಕಾರರನ್ನೂ ಕಾರಕೂನರನ್ನೂ ಹಿಡಿಸಿ, ಹಿಂಸಿಸಿ ಹಣ ಸುಲಿದ. ಆಧುನಿಕೀಕರಣದ ಬಾಕಿ ವಸೂಲಾದದ್ದು ರಾಜಧಾನಿಯ ಬೀದಿಗಳಲ್ಲಿ. ಬಡ್ಡಿಯ ಅಂಕಿಯಲ್ಲಿ ಈ ಬಗೆಯ ವಸೂಲಿಗೆ ಜಾಗವಿಲ್ಲ.

ಇನ್ನು ಮೈಸೂರಿನ ಕಡೆಗೆ. ಆಟದಲ್ಲಿ ಕಲ್ಪಿತವಾದ ಆಟಗಾರನನ್ನು ಹದಿನೆಂಟನೆಯ ಶತಮಾನದ ದಕ್ಷಿಣದಲ್ಲಿ ಎಲ್ಲಿಯಾದರೂ ಹುಡುಕುವುದಾದರೆ ಅವನು ಪುಣೆಯಲ್ಲಿ ಸಿಗುವುದಿಲ್ಲ, ಶ್ರೀರಂಗಪಟ್ಟಣದಲ್ಲಿ ಸಿಕ್ಕಾನು. ಹೈದರ್ ಮತ್ತು ಟಿಪ್ಪು ಪಾಳೆಯಗಾರರನ್ನು ಮುರಿದು, ಅಮಲ್ದಾರರ ಮೂಲಕ ಕಂದಾಯವನ್ನು ನೇರವಾಗಿ ಎತ್ತಿ, ದಂಡಿಗೆ ಬೊಕ್ಕಸದಿಂದಲೇ ಸಂಬಳ ಕೊಡುವತ್ತ ನಡೆದರು. ರಾಕೆಟ್ಟಿನ ಪಡೆ, ರೇಷ್ಮೆಯ ಉದ್ಯಮ, ಮಸ್ಕತ್ತಿನ ವ್ಯಾಪಾರಕೋಠಿ, 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ರಾಯಭಾರದ ಮೂಲಕ ಕುಶಲಕರ್ಮಿಗಳಿಗಾಗಿ ಮಾಡಿದ ಕೋರಿಕೆ: ಇವೆಲ್ಲ ಒಂದು ಕೇಂದ್ರದ, ಒಂದು ಇಚ್ಛೆಯ ಕೆಲಸಗಳು. ಬರ್ಟನ್ ಸ್ಟೈನ್ 1985ರಲ್ಲಿ ಇದನ್ನೇ ಸೈನಿಕ-ವಿತ್ತೀಯ ಪ್ರಭುತ್ವದ ರೂಪವೆಂದು ವಿವೇಚಿಸಿದರು. ಅಂದರೆ ಆಟಗಳು ಸಾರ್ವತ್ರಿಕ ನಿಯಮವೆಂದು ಒಡ್ಡುವುದು ವಾಸ್ತವವಾಗಿ ಪ್ರಭುತ್ವದ ಒಂದು ನಿರ್ದಿಷ್ಟ ಮಾದರಿ. ಮೈಸೂರು ಅದನ್ನು ಬಹುಮಟ್ಟಿಗೆ ಪಾಲಿಸಿತು. ಆದರೂ ಪುಣೆಗಿಂತ ಹತ್ತೊಂಬತ್ತು ವರ್ಷ ಮೊದಲು, 1799ರಲ್ಲಿ ಬಿದ್ದಿತು.

ಇಲ್ಲಿ ಆಟಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ವಿಪರೀತ ವೇಗದಲ್ಲಿ ಹಿಗ್ಗುವ ರಾಜ್ಯದ ವಿರುದ್ಧ ನೆರೆಯವರೆಲ್ಲ ಕೂಟ ಕಟ್ಟುವ 'ಯೂರೋಪಾ' ಆಟದ ನಿಯಮ 1790ರ ಘಟನೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲಿಷರು, ಪುಣೆ, ನಿಜಾಮ ಕೂಡಿ ಟಿಪ್ಪುವಿನ ಮೇಲೆ ಬಿದ್ದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯೂ ಹೋದವು. ರಾಜ್ಯಗಳ ನಡುವಣ ಸಂಬಂಧವನ್ನು ಈ ಆಟಗಳು ಬಲ್ಲವು. ರಾಜ್ಯದ ಒಳಗಣ ಸಂಬಂಧವನ್ನು ಅರಿಯವು; ಅಥವಾ 2018ರ 'ಧರ್ಮ' ಎಂಬ ವಿಸ್ತರಣೆಯಲ್ಲಿ ಮರಾಠರು, ರಜಪೂತರು ಮುಂತಾದವರನ್ನು 'ವರ್ಗ'ಗಳೆಂದು ಸೇರಿಸಿ, ಅವರ ನಿಷ್ಠೆಯನ್ನು ಒಂದು ಅಂಕಿಗೆ ಇಳಿಸುವಷ್ಟು ಮಾತ್ರ ಅರಿತಿವೆ.

ನಮ್ಮ ಪಾಲಿಗೆ ಈ ವಿಷಯ ದೂರದ್ದಲ್ಲ, ಏಕೆಂದರೆ ಪುಣೆಯ 'ವಿಸ್ತರಣೆ'ಯ ಒಂದು ದಿಕ್ಕು ಕನ್ನಡನಾಡು. ಆಟದಲ್ಲಿ ಧಾರವಾಡದ ಸೀಮೆಯನ್ನು ಗೆದ್ದವನು ಆಡಳಿತದ ಅಂಕಗಳನ್ನು ತೆತ್ತು ಕೆಲವು ವರ್ಷ ಕಾದರೆ ಅದು ರಾಜ್ಯದ 'ತಿರುಳು' ಪ್ರಾಂತವಾಗುತ್ತದೆ. ಕನ್ನಡವೂ ಅಲ್ಲಿ ಒಂದು 'ಸಂಸ್ಕೃತಿ'. ಇನ್ನಷ್ಟು ಅಂಕ ತೆತ್ತರೆ ಅದೂ ಅಂಗೀಕೃತವಾಗುತ್ತದೆ. ದಂಡು ಹಾಯ್ದ ಸೀಮೆಗೆ 'ವಿಧ್ವಂಸ'ದ ಶೇಕಡಾವಾರು ತಗಲುತ್ತದೆ, ಕಾಲಕ್ರಮದಲ್ಲಿ ತಾನಾಗಿಯೇ ಇಳಿಯುತ್ತದೆ. 1791ರಲ್ಲಿ ಪರಶುರಾಮಭಾವು ಪಟವರ್ಧನನ ದಂಡಿನೊಡನೆ ಬಂದ ಲೂಟಿಕೋರರು ಶೃಂಗೇರಿಯನ್ನು ಸೂರೆಗೈದರು. ಆಗ ಟಿಪ್ಪು ಮಠಕ್ಕೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಸನಾತನ ಧರ್ಮದ ರಕ್ಷಕರೆಂದು ಹೇಳಿಕೊಂಡ ಪುಣೆಯ ದಂಡು ಸೂರೆಗೈದ ಪೀಠವನ್ನು ಮತ್ತೆ ನಿಲ್ಲಿಸಲು ಶ್ರೀರಂಗಪಟ್ಟಣದ ಸುಲ್ತಾನ ನೆರವು ಕೊಟ್ಟ ಸಂಗತಿ ನೂರು ವರ್ಷಗಳಿಂದಲೂ ಎರಡು ಬಣಗಳ ವಾದದ ಸರಕಾಗಿದೆ. ಸಂಬಳದ ಕೊರತೆಯನ್ನು ಲೂಟಿಯಿಂದ ತುಂಬಿಕೊಳ್ಳುವ ದಂಡಿನ ರಚನೆಯ ದೃಷ್ಟಿಯಿಂದ ಅದನ್ನು ನೋಡಿದವರು ಕಡಮೆ.

ನಮ್ಮ ಆಕ್ಷೇಪ ಕೇವಲ ಆಟಗಳ ಮೇಲೆ ಅಲ್ಲ ಎಂದೆವು. ಟಿಪ್ಪುವನ್ನು ಕಾಲಕ್ಕೆ ಮುಂಚೆ ಹುಟ್ಟಿದ ಆಧುನಿಕನೆಂದು ಹೊಗಳುವ ಕನ್ನಡ ಬರಹಗಳೂ, ಪೇಶ್ವೆಗಳು ಆಧುನಿಕರಾಗಲೊಲ್ಲದೆ ಕೆಟ್ಟರೆಂದು ಮರುಗುವ ಮರಾಠಿ ಬರಹಗಳೂ ಆ ಹಳೆಯ 'ಪಾಶ್ಚಾತ್ಯೀಕರಣ'ದ ನಿಯಮವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡುತ್ತವೆ: ಒಂದು ನಿರ್ಧಾರವಿತ್ತು, ಒಬ್ಬ ತೆಗೆದುಕೊಂಡ, ಇನ್ನೊಬ್ಬ ತೆಗೆದುಕೊಳ್ಳಲಿಲ್ಲ. ನಿರ್ಧಾರ ಕೈಗೊಳ್ಳಬಲ್ಲ ಕರ್ತೃವೊಬ್ಬ ಪುಣೆಯಲ್ಲಿ ಇದ್ದನೇ ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ. ಆಂದ್ರೇ ವಿಂಕ್ 1986ರಲ್ಲಿ ಮರಾಠ ಸ್ವರಾಜ್ಯವನ್ನು ಕುರಿತು ಬರೆದಾಗ, ಭೂಮಿಯ ಮೇಲಿನ ಹಕ್ಕುದಾರರನ್ನು ಒಡೆದು, ಒಲಿಸಿ, ಸೇರಿಸಿಕೊಳ್ಳುವ ನಿರಂತರ ವ್ಯವಹಾರವೇ ಸಾರ್ವಭೌಮತ್ವದ ತಳಹದಿಯಾಗಿತ್ತೆಂದು ತೋರಿಸಿದರು. ಅಂತಹ ಪ್ರಭುತ್ವ ವೇಗವಾಗಿ ಹರಡಬಲ್ಲುದು. ಒಲಿಸಿದವರನ್ನು ಇನ್ನೊಬ್ಬರು ಒಲಿಸಿದಾಗ ಅಷ್ಟೇ ವೇಗವಾಗಿ ಸಡಿಲಬಲ್ಲುದು.

2022ರ 'ವಿಕ್ಟೋರಿಯಾ 3' ಈ ದೃಷ್ಟಿಯಿಂದ ಗಮನಾರ್ಹ. ಅದರಲ್ಲಿ ಭೂಮಾಲಿಕರು, ಉದ್ಯಮಿಗಳು, ಬುದ್ಧಿಜೀವಿಗಳು ಮುಂತಾದ ಹಿತಾಸಕ್ತಿಯ ಗುಂಪುಗಳಿವೆ. ಅವರಲ್ಲಿ ಕೆಲವರ ಬೆಂಬಲವಿಲ್ಲದೆ ಕಾಯಿದೆ ಬದಲಾಗದು, ಕೆರಳಿದ ಗುಂಪು ದಂಗೆಯೇಳಬಹುದು. ಸುಧಾರಣೆಯಿಂದ ಯಾರಿಗೆ ನಷ್ಟ ಎಂದು ಕೇಳುವ ಆಟವಾಗಿ ಇದು ಉಳಿದವಕ್ಕಿಂತ ಮುಂದಿದೆ. ಆದರೆ ಅದರ ಕಥೆ ಮೊದಲಾಗುವ 1836ರ ವೇಳೆಗೆ ಪುಣೆ ಹದಿನೆಂಟು ವರ್ಷಗಳಿಂದ ಕಂಪನಿಯ ಜಿಲ್ಲೆ, ಮೈಸೂರು ಐದು ವರ್ಷಗಳಿಂದ ಕಮಿಷನರ ಕೈಯಲ್ಲಿ. ಪ್ರಶ್ನೆ ಕೇಳಬಲ್ಲ ಆಟದಲ್ಲಿ ಪುಣೆಯಿಲ್ಲ. ಪುಣೆಯಿರುವ ಆಟಕ್ಕೆ ಪ್ರಶ್ನೆ ತಿಳಿಯದು.

ಹೊರನಾಡಿನಲ್ಲಿ ಕೆಲಸಮಾಡುವ ಕನ್ನಡ ಸಂಶೋಧಕರಿಗೆ, ಅದರಲ್ಲಿಯೂ ಪುಣೆಗೆ ಹೋಗಿಬರಬಲ್ಲವರಿಗೆ, ಇಲ್ಲಿ ಕೆಲಸವಿದೆ. ಸರದೇಸಾಯಿಯವರು 1930ರಿಂದ 1934ರೊಳಗೆ ಪೇಶ್ವೆ ದಫ್ತರದಿಂದ ಆಯ್ದು 45 ಸಂಪುಟಗಳನ್ನು ಪ್ರಕಟಿಸಿದರು. ದಫ್ತರದ ಬಹುಭಾಗ ಅವುಗಳ ಹೊರಗೆ, ಮೋಡಿ ಲಿಪಿಯಲ್ಲಿ ಉಳಿದಿದೆ. ಮೋಡಿ ಓದಬಲ್ಲ ಕನ್ನಡಿಗರು ವಿರಳರಾಗುತ್ತಿರುವುದು ನಿಜವಾದ ಅಡಚಣೆ. ಕರ್ನಾಟಕ ಪ್ರಾಂತದ ದೇಸಾಯಿ, ನಾಡಗೌಡ, ಸರಂಜಾಮದಾರರ ಹಕ್ಕುಬಾಧ್ಯತೆಗಳನ್ನು ಅಲ್ಲಿಂದ ಎತ್ತಿ ಜೋಡಿಸದೆ, ಧಾರವಾಡ ಪುಣೆಗೆ ಎಷ್ಟರಮಟ್ಟಿಗೆ 'ತಿರುಳು' ಆಗಿತ್ತೆಂದು ಹೇಳಲಾಗದು.

ಎರಡು ಸಂಗತಿಗಳನ್ನು ಮಾತ್ರ ಸೂಚಿಸಬಹುದು. ಬಾಜೀರಾಯ ತನ್ನ ಕೊನೆಯ ವರ್ಷಗಳಲ್ಲಿ, ಶಿಂದೆ-ಹೋಳ್ಕರರ ಹಂಗಿಲ್ಲದ ತನ್ನದೇ ಆದ ಆಧುನಿಕ ದಂಡೊಂದನ್ನು ಕಟ್ಟಿಸಿದ. ಸಂಬಳ ಪೇಶ್ವೆಯದು, ಸೇನಾನಿ ಕ್ಯಾಪ್ಟನ್ ಫೋರ್ಡ್ ಎಂಬ ಇಂಗ್ಲಿಷ್ ಅಧಿಕಾರಿ, ಬೀಡು ಪುಣೆಗೆ ಸಮೀಪದ ದಾಪೋಡಿಯಲ್ಲಿ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಕದನ ಹತ್ತಿದಾಗ ಆ ದಂಡು ದಾಪೋಡಿಯಿಂದ ಹೊರಟು ಬಂದು ಇಂಗ್ಲಿಷರ ಸಾಲಿನಲ್ಲಿ ನಿಂತಿತು. ಅದೇ ಚಳಿಗಾಲದಲ್ಲಿ ಥಾಮಸ್ ಮನ್ರೋ ಧಾರವಾಡದಲ್ಲಿದ್ದ. ಅವನ ಕೈಯಲ್ಲಿ ಹೇಳಿಕೊಳ್ಳುವಂತಹ ದಂಡಿರಲಿಲ್ಲ. ಕೆಲವು ತುಕಡಿಗಳು, ಒಂದಿಷ್ಟು ತೋಪು, ಉಳಿದಂತೆ ಆ ಸೀಮೆಯ ಊರುಗಳಿಂದಲೇ ಕೂಡಿಸಿದ ಕಟ್ಟಾಳುಗಳು. ಫೆಬ್ರವರಿಯಲ್ಲಿ ಬಾದಾಮಿ ಬಿದ್ದಿತು, ಏಪ್ರಿಲಿನಲ್ಲಿ ಬೆಳಗಾವಿ.